ಖುದ್ದು ಸ್ಥಳಕ್ಕೆ ಹೋಗಿ ನೋಡಲಾಗಿ

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ರಾಘಣ್ಣನ ಮಟ್ಟಿಗೆ ಒಂದು ವರ್ಷ ತಡವಾಗಿ ನಿಜವಾಯಿತು ಎಂದು ಬಳ್ಳಾರಿಯ ಅವರ ಓಣಿಯವರೆಲ್ಲ ಮಾತಾಡಿಕೊಂಡರು. ಮೂವತ್ತಾರು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದ ಮನುಷ್ಯ ಬೆಳಗ್ಗೆ ಮಠಕ್ಕೆ ಹೋಗಬೇಕು, ಸಂಜೆ ಕಟ್ಟೆಯ ಮೇಲೆ ಕೂತು ಮೊಣಕಾಲು ನೋವಿನ ಬಗ್ಗೆ ಮಾತಾಡಬೇಕು. ಅದು ಬಿಟ್ಟು ಅರವತ್ತೊಂದನೇ ವಯಸ್ಸಿನಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತೇನೆಂದು ಹೊರಟರೆ ಜನ ಇನ್ನೇನು ಹೇಳಿಯಾರು? ಅದೂ ಸ್ಕೂಟರಿನ ಮೇಲೆ ಕೂತರೆ ವೇಗದ ಮುಳ್ಳನ್ನು ಮೂವತ್ತು ದಾಟಿಸದ ಜೀವ.

ವಿಮಾನವೆಂದರೆ ಬೆಂಗಳೂರಿಗೆ ಹೋಗುವಂಥದ್ದಲ್ಲ. ಮೈಕ್ರೋಲೈಟ್ ಅನ್ನುತ್ತಾರೆ, ಇಬ್ಬರು ಪಕ್ಕಪಕ್ಕ ಕೂರುವಷ್ಟೇ ಜಾಗ, ಒಂದು ಪುಟ್ಟ ಎಂಜಿನ್, ಮೂರು ಗಾಲಿ. ಕುರುಗೋಡು ರಸ್ತೆಯಲ್ಲಿ ಊರು ದಾಟಿದ ಮೇಲೆ ಸಿಗುವ ಗರಿ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಅಂಥವು ಎರಡಿದ್ದವು. ರಾಘಣ್ಣನ ಆಸೆಗೆ ಕಾರಣ ಕೇಳಿದರೆ ಅವರು ನಾಚಿಕೊಳ್ಳುತ್ತಿದ್ದರು. ಸಿರುಗುಪ್ಪ, ಕುರುಗೋಡಿನ ಕಡೆಯ ಊರುಗಳ ನಕ್ಷೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಆಯುಷ್ಯ ಕಳೆದವರು ಅವರು. ಯಾವ ಸರ್ವೆ ನಂಬರಿನ ಪಕ್ಕ ಯಾವುದು, ಕಾಲುವೆ ಎಲ್ಲಿ ಹೊರಳುತ್ತದೆ, ಎಲ್ಲವೂ ಬಾಯಿಪಾಠ. ಆ ನಕ್ಷೆ ನಿಜವಾಗಿ ಮೇಲಿಂದ ಹೇಗೆ ಕಾಣುತ್ತದೋ ಒಮ್ಮೆ ನೋಡಬೇಕು ಅಂತ ಅವರಿಗಿತ್ತು. ಯಾವ ಕಚೇರಿಯಲ್ಲಿ ಇದ್ದರು ಎಂಬುದು ಇಲ್ಲಿ ಬೇಡ. ಅವರ ಜೊತೆಯವರು ಇನ್ನೂ ಅಲ್ಲಿ ಕೂತು ಚಹಾ ಕುಡಿಯುತ್ತಿದ್ದಾರೆ.

ಹೆಂಡತಿ ತುಳಸಮ್ಮ ಒಂದೇ ಷರತ್ತು ಹಾಕಿದ್ದರು: ಇಳಿದ ಕೂಡಲೇ ಫೋನ್ ಮಾಡಬೇಕು. ಫೋನ್ ಬರುವವರೆಗೆ ಆಕೆ ಹೂಬತ್ತಿ ಹೊಸೆಯುತ್ತಾ ಕೂರುತ್ತಿದ್ದರು. ರಾಘಣ್ಣ ಹದಿನೈದು ಪಾಠ ಮುಗಿಸುವಷ್ಟರಲ್ಲಿ ಮನೆಯಲ್ಲಿ ಎರಡು ವರ್ಷಕ್ಕಾಗುವಷ್ಟು ಬತ್ತಿ ತಯಾರಾಗಿತ್ತು.

ಪಾಠ ಹೇಳುವವಳು ರಶ್ಮಿ ಎಂಬ ಇಪ್ಪತ್ತೆಂಟರ ಹುಡುಗಿ. ಬಳ್ಳಾರಿ ಪೇಟೆಯಲ್ಲೇ ಹುಟ್ಟಿ ಬೆಳೆದವಳು, ಗಟ್ಟಿ ಮಾತಿನವಳು. ಆಕಾಶದಲ್ಲೂ ಜೇಬಿನಿಂದ ನೋಟ್‌ಬುಕ್ ತೆಗೆದು ಬರೆದುಕೊಳ್ಳಲು ಹೋದ ರಾಘಣ್ಣನನ್ನು ಮೊದಲ ದಿನವೇ ಗದರಿದ್ದಳು. ಕಲಿಸುವ ಪರವಾನಗಿ ಪಡೆಯಲು ಅವಳು ಮೂರು ವರ್ಷ ಒದ್ದಾಡಿದ್ದಳು. ಹುಡುಗಿಗೆ ಇದೆಲ್ಲ ಯಾಕೆ ಎನ್ನುವವರು ಅವಳ ಮನೆಯಲ್ಲೂ ಇದ್ದರು, ಕ್ಲಬ್ಬಿನಲ್ಲೂ ಇದ್ದರು. ಮಕ್ಕಳಿಲ್ಲದ ರಾಘಣ್ಣನಿಗೆ ಅವಳ ಬೈಗುಳವೂ ಹಿತವಾಗಿ ಕೇಳುತ್ತಿತ್ತು. ತುಳಸಮ್ಮ ಪ್ರತಿ ಪಾಠದ ದಿನ ಒಂದು ಡಬ್ಬಿ ಕೋಡುಬಳೆ ಕಳಿಸುತ್ತಿದ್ದರು. ವಿಮಾನದ ತೂಕ ಹೆಚ್ಚುತ್ತದೆಂದು ರಶ್ಮಿ ಅದನ್ನು ಹತ್ತುವ ಮೊದಲೇ ಅರ್ಧ ಖಾಲಿ ಮಾಡುತ್ತಿದ್ದಳು.

ಹದಿನಾರನೇ ಪಾಠದ ದಿನ ಮಾರ್ಗಶಿರದ ತಿಳಿ ಬೆಳಗು. ಎಂಟು ಗಂಟೆಯ ಹೊತ್ತಿಗೆ ಅವರು ದೇಶನೂರಿನ ಕಡೆ ಸಾವಿರ ಅಡಿ ಎತ್ತರದಲ್ಲಿದ್ದರು. ಕೆಳಗೆ ಕಾಲುವೆ, ಕೊಯ್ದ ಗದ್ದೆ, ಕೊಯ್ಯದ ಗದ್ದೆ, ದೂರದಲ್ಲಿ ರೈಸ್ ಮಿಲ್ಲಿನ ಹೊಗೆ. ರಾಘಣ್ಣ ಸಂತೋಷ ತಡೆಯಲಾರದೆ ಒಂದೊಂದೇ ಸರ್ವೆ ನಂಬರು ಹೇಳತೊಡಗಿದ್ದರು. ನೂರಾ ಹದಿನಾಲ್ಕರ ತನಕ ಬಂದಾಗ ಎಂಜಿನ್ ಎರಡು ಸಲ ಕೆಮ್ಮಿತು. ಮೂರನೇ ಸಲ ಕೆಮ್ಮಲಿಲ್ಲ, ನಿಂತೇಬಿಟ್ಟಿತು.

ಅಷ್ಟು ಹೊತ್ತು ಕಿವಿಗಡಚಿಕ್ಕುತ್ತಿದ್ದ ಸದ್ದು ಹೋಗಿ ಬರೀ ಗಾಳಿಯ ಸುಯ್ಯೆನ್ನುವ ಶಬ್ದ ಉಳಿಯಿತು. ರಶ್ಮಿ ಹೆದರಲಿಲ್ಲ. ಹಿಡಿಕೆಯನ್ನು ತನ್ನ ಕೈಗೆ ತೆಗೆದುಕೊಂಡಳು, ವಿಮಾನದ ಮೂಗನ್ನು ಕೊಂಚ ತಗ್ಗಿಸಿದಳು, ಎಂಜಿನ್ನನ್ನು ಮತ್ತೆ ಎರಡು ಸಲ ಎಬ್ಬಿಸಲು ನೋಡಿದಳು. ಆಗಲಿಲ್ಲ. ಎಂಜಿನ್ ಇಲ್ಲದಿದ್ದರೂ ಈ ಪುಟ್ಟ ವಿಮಾನ ಗಾಳಿಪಟದ ಹಾಗೆ ತೇಲಿಕೊಂಡು ಇಳಿಯುತ್ತದೆ. ಬೇಕಾಗಿದ್ದದ್ದು ಒಂದು ಸಪಾಟು ಜಾಗ. ಕಾಲುವೆಯ ಬಲಕ್ಕೆ ಕೊಯ್ಲಾದ ಗದ್ದೆಯೊಂದಿತ್ತು, ಆದರೆ ಉದ್ದ ಕಡಿಮೆ. ಎಡಕ್ಕೆ ಉದ್ದನೆಯ, ಒಂದೇ ಸಮನೆ ಹಳದಿಯಾದ ಬಯಲು. ಎಳೆಬಿಸಿಲು ಅಡ್ಡಲಾಗಿ ಬಿದ್ದು ಕಣ್ಣು ಕೋರೈಸುತ್ತಿತ್ತು.

"ಸರ್, ಎಡಕ್ಕಿರೋದು ಭತ್ತನೋ ಹುಲ್ಲೋ?" ಎಂದು ಕೇಳಿದಳು. ಪೇಟೆಯ ಹುಡುಗಿ, ಅಕ್ಕಿಯ ತಳಿ ಹೇಳಬಲ್ಲಳು, ಪೈರನ್ನು ಗುರುತಿಸಲಾರಳು.

ರಾಘಣ್ಣ ಕೆಳಗೆ ನೋಡಿದರು. ನೋಡಿದರು ಅನ್ನುವುದೂ ತಪ್ಪೇ; ಅವರ ಕಣ್ಣಿಗೆ ಬಂದದ್ದು ನೆಲವಲ್ಲ, ನಕ್ಷೆ. ನೂರಾ ಹದಿನೈದು, ಗೋಮಾಳ, ದನ ಮೇಯುವ ಸರ್ಕಾರಿ ಬಯಲು.

"ಹುಲ್ಲು. ಗೋಮಾಳ ಅದು, ಬರೀ ಬೈಲು," ಎಂದರು. "ಅದರ ರಿಪೋರ್ಟ್ ಬರದಾಂವನ ನಾನು."

ಅವರ ದನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ರಶ್ಮಿ ಬಲಕ್ಕೆ ಹೊರಳಿಸಿದ್ದ ರೆಕ್ಕೆಯನ್ನು ಎಡಕ್ಕೆ ತಿರುಗಿಸಿದಳು.

ನೆಲ ಮೂವತ್ತು ಅಡಿ ಇರುವಾಗ ತೆನೆಗಳು ಕಂಡವು. ಆಗ ಮಾಡುವಂಥದ್ದೇನೂ ಉಳಿದಿರಲಿಲ್ಲ. ಬೆಳೆದು ಬಾಗಿದ ಭತ್ತ ಗಾಲಿಗಳಿಗೆ ಸುತ್ತಿಕೊಂಡಿತು, ಮುಂದಿನ ಗಾಲಿ ಹಸಿ ಮಣ್ಣಿನಲ್ಲಿ ಹೂತಿತು, ಬಾಲ ಮೇಲೆದ್ದಿತು. ವಿಮಾನ ಮೂಗಿನ ಮೇಲೆ ನಿಂತು ಒಂದು ಗಳಿಗೆ ಯೋಚಿಸಿ, ಆಮೇಲೆ ಮೆಲ್ಲಗೆ ಪಕ್ಕಕ್ಕೆ ಮಲಗಿತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ರಾಘಣ್ಣನಿಗೆ ಬಾಯಿಯೇ ಕೆಸರಾಗಿತ್ತು. ಉಗುಳಿದಾಗ ಮಣ್ಣಿನ ಜೊತೆ ನಾಲ್ಕು ಕಾಳು ಭತ್ತವೂ ಬಂತು.

ಬದುವಿನ ಮೇಲೆ ಕುಡಗೋಲು ಹಿಡಿದು ಓಡಿಬಂದವಳು ಕೊಟ್ರಬಸಮ್ಮ. ಅರವತ್ತೈದರ ಹೆಂಗಸು, ಒಣಗಿದ ಜೋಳದ ದಂಟಿನಂತೆ ತೆಳ್ಳಗೆ. ಬೆಲ್ಟು ಬಿಚ್ಚಲು ಬಾರದೆ ರಾಘಣ್ಣ ಒದ್ದಾಡುತ್ತಿದ್ದಾಗ ಒಂದೇ ಏಟಿಗೆ ಅದನ್ನು ಕತ್ತರಿಸಿದಳು. ರಶ್ಮಿಯ ಎಡಗೈ ಮಣಿಕಟ್ಟು ಊದಿಕೊಂಡಿತ್ತು. ಇಬ್ಬರನ್ನೂ ಹಿಡಿದು ನಡೆಸಿಕೊಂಡು ಹೋಗಿ ಬದುವಿನ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ಅಗಲವಾದ, ಮುಳ್ಳೊಂದೂ ಇಲ್ಲದ ಬದು. ಸುತ್ತಲಿನ ಎಲ್ಲ ಬದುಗಳ ಮೇಲೂ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿದ್ದರೆ ಇದೊಂದು ಮಾತ್ರ ಗುಡಿಸಿದ ಅಂಗಳದಂತಿತ್ತು.

ರಶ್ಮಿ ಬೆಳೆ ಹಾಳಾಯಿತೆಂದು ಕ್ಷಮೆ ಕೇಳಿದಳು.

"ಭತ್ತ ಮತ್ತ ಬೆಳೀತೈತಿ," ಎಂದಳು ಕೊಟ್ರಬಸಮ್ಮ. "ನೀ ಮತ್ತ ಬೆಳೀತಿಯೇನು ಯವ್ವಾ?"

ರಶ್ಮಿ ನಕ್ಕಳು. ನಗುತ್ತಲೇ ಅವಳ ಕಣ್ಣು ಕಾಲುವೆಯಾಚೆಗಿನ ಕೊಯ್ಲಾದ ಗದ್ದೆಯ ಮೇಲೆ ಹೋಗಿ ನಿಂತಿತು. ರಾಘಣ್ಣ ಅದನ್ನು ಕಂಡರು.

ಇದು ಗೋಮಾಳವಲ್ಲವೇ ಎಂದು ರಾಘಣ್ಣ ಕೇಳಿದರು. ಅವರಿಗೆ ಬೇಕಾಗಿದ್ದ ಉತ್ತರ ಒಂದೇ: ಅಲ್ಲ, ನೀವು ಹೇಳುವುದು ಪಕ್ಕದ್ದು.

"ಕಾಗದದಾಗ ಗೋಮಾಳ ಐತ್ರಿ. ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ಇದರಾಗ ಭತ್ತ ಬಿಟ್ರ ಬ್ಯಾರೆ ಬೆಳದಿಲ್ಲ," ಎಂದಳು ಕೊಟ್ರಬಸಮ್ಮ.

ಆಮೇಲೆ ಉಳಿದ ಕತೆಯನ್ನೂ ಹೇಳಿದಳು, ಹಳೆಯ ಕತೆಯನ್ನು ಹೇಳುವ ನಿರಾಳ ದನಿಯಲ್ಲಿ. ಗಂಡ ಚಿದಾನಂದಪ್ಪ ಇಪ್ಪತ್ತಾರು ವರ್ಷದ ಹಿಂದೆ ಬಗರ್‌ಹುಕುಂ ಅರ್ಜಿ ಹಾಕಿದ್ದ. ಸರ್ಕಾರಿ ಜಮೀನನ್ನು ಉಳುತ್ತಾ ಬಂದವರು ಅದನ್ನು ತಮ್ಮ ಹೆಸರಿಗೆ ಕೇಳುವ ಅರ್ಜಿ ಅದು. ಕಚೇರಿಯಿಂದ ಒಬ್ಬರು ಬಂದು ನೋಡಿ, ಹುಲ್ಲು ಬಿಟ್ಟರೆ ಇಲ್ಲೇನೂ ಇಲ್ಲವೆಂದು ಬರೆದರಂತೆ. ಅರ್ಜಿ ಬಿದ್ದುಹೋಯಿತು. ಬಂದು ನೋಡಿದೆನೆಂದು ಬರೆದವರು ಬಂದೇ ಇರಲಿಕ್ಕಿಲ್ಲ ಎಂಬ ಯೋಚನೆಯೇ ಚಿದಾನಂದಪ್ಪನಿಗೆ ಹೊಳೆಯಲಿಲ್ಲ. ಆಗ ಬದುವಿನ ತುಂಬ ಜಾಲಿ ಇತ್ತು. ಪಾಪ, ಸಾಹೇಬರು ಮುಳ್ಳು ಕಂಡು ರಸ್ತೆಯಿಂದಲೇ ತಿರುಗಿ ಹೋಗಿರಬೇಕು, ತಪ್ಪು ನಮ್ಮದೇ ಅಂದುಕೊಂಡ.

"ಸಾಯೋಮಟ ಬದು ಕಡದ," ಎಂದಳು. "ಈಗ ನಾ ಕಡೀತೀನಿ. ಮತ್ತ ಯಾರರ ನೋಡಾಕ ಬಂದ್ರ ಕಾಲಿಗೆ ಮುಳ್ಳು ಚುಚ್ಚಬಾರ್ದು ನೋಡ್ರಿ."

ರಾಘಣ್ಣ ಮಜ್ಜಿಗೆ ಲೋಟವನ್ನು ಕುಡಿಯದೆ ಬದುವಿನ ಮೇಲಿಟ್ಟರು. ಪೆಟ್ಟಿನ ನೋವು ಎಂದುಕೊಂಡ ಕೊಟ್ರಬಸಮ್ಮ ಅವರ ಬೆನ್ನು ಸವರಿದಳು. ಅದರಿಂದ ಅವರಿಗೆ ಇನ್ನಷ್ಟು ಸಂಕಟವಾಯಿತು.

ಆ ರಿಪೋರ್ಟ್ ಬರೆದ ದಿನ ಅವರಿಗೆ ಚೆನ್ನಾಗಿ ನೆನಪಿತ್ತು. ವೈಶಾಖದ ಏಕಾದಶಿ. ರಾಘಣ್ಣ ಏಕಾದಶಿ ಎಂದರೆ ನೀರನ್ನೂ ಮುಟ್ಟದ ಕಟ್ಟಾ ಉಪವಾಸದವರು. ಬಳ್ಳಾರಿಯ ಬಿಸಿಲು ಹಂಚು ಕಾಯಿಸುತ್ತಿತ್ತು, ಕಚೇರಿಯ ಜೀಪು ಸಾಹೇಬರ ಜೊತೆ ಹೋಗಿತ್ತು. ಹಳೆಯ ಪಹಣಿಯಲ್ಲಿ ಗೋಮಾಳ ಎಂದಿತ್ತು, ನಕ್ಷೆಯಲ್ಲೂ ಗೋಮಾಳ ಎಂದಿತ್ತು. ಹೋಗಿ ನೋಡಿದರೆ ಮಾತ್ರ ಬೇರೆ ಕಾಣುತ್ತದೆಯೇ? ಫ್ಯಾನಿನ ಕೆಳಗೆ ಕೂತು, "ಖುದ್ದು ಸ್ಥಳಕ್ಕೆ ಹೋಗಿ ನೋಡಲಾಗಿ" ಎಂದು ಶುರುಮಾಡಿ ಹತ್ತು ಸಾಲು ಬರೆದರು. ಸಾಕ್ಷಿ ರುಜುವನ್ನು ಎದುರಿನ ಚಹಾದಂಗಡಿಯಲ್ಲಿದ್ದ ಇಬ್ಬರು ಹಾಕಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ರಾಘಣ್ಣ ಕಾಣದೆಯೇ ಪ್ರಮಾಣ ಮಾಡಿದ್ದರು.

ಫೋನ್ ಬಡಿದುಕೊಂಡಿತು. ತುಳಸಮ್ಮ. "ಇಳದೀನಿ," ಎಂದರು ರಾಘಣ್ಣ. ಎಲ್ಲಿ ಎಂದು ಹೇಳಲಿಲ್ಲ.

ಅದು ಮುಚ್ಚಿಡಬಹುದಾದ ಸಂಗತಿಯಾಗಿರಲಿಲ್ಲ. ಮಧ್ಯಾಹ್ನದೊಳಗೆ ವಿಮಾನ ಮಲಗಿದ ವಿಡಿಯೋ ಪಕ್ಕದ ಮನೆಯವರ ಮೊಬೈಲಿನಿಂದ ತುಳಸಮ್ಮನ ಕಣ್ಣೆದುರಿಗೆ ಬಂತು. ಎರಡು ದಿನ ಆಕೆ ಮಾತಾಡಲಿಲ್ಲ. ಅನ್ನಕ್ಕೆ ತುಪ್ಪವನ್ನೂ ಬಡಿಸಲಿಲ್ಲ.

ಮೂರನೇ ದಿನ ರಶ್ಮಿ ಬಂದಳು, ಕೈಗೆ ಪಟ್ಟಿ ಕಟ್ಟಿಕೊಂಡು. ಸೋಮವಾರ ವಿಚಾರಣೆಯ ಅಧಿಕಾರಿ ಬರುತ್ತಾರಂತೆ. ಎಂಜಿನ್ ನಿಂತದ್ದಕ್ಕೆ ಯಾರನ್ನೂ ಕೇಳುವುದಿಲ್ಲ, ಅದು ಯಂತ್ರ. ಬಲಕ್ಕೆ ಖಾಲಿ ಗದ್ದೆ ಇರುವಾಗ ನಿಂತ ಪೈರಿನ ಮೇಲೆ ಯಾಕೆ ಇಳಿಸಿದೆ ಎಂಬುದೇ ಪ್ರಶ್ನೆ. ಅವಳು ತನ್ನ ಹೇಳಿಕೆಯನ್ನು ಆಗಲೇ ಬರೆದು ಕೊಟ್ಟಿದ್ದಳು: ಜಾಗ ಆರಿಸಿದ್ದು ನಾನು, ಅಂದಾಜು ತಪ್ಪಿತು. ಕಲಿಸುವ ಪರವಾನಗಿ ಹೋಗಬಹುದು ಎಂದು ಕ್ಲಬ್ಬಿನವರು ಹೇಳಿದ್ದರು.

ತಾನು ಹೇಳಿದ್ದನ್ನು ಯಾಕೆ ಬರೆಯಲಿಲ್ಲ ಎಂದು ರಾಘಣ್ಣ ಕೇಳಿದರು.

"ಕಲಿಸಾಕಿ ನಾನು ಸರ್, ಹೊಣಿ ನಂದು," ಎಂದಳು. "ನಿಮ್ಮನ್ನ ಯಾಕ ಎಳೀಲಿ ಇದರಾಗ."

ಹೋಗುವಾಗ ಕೋಡುಬಳೆ ಡಬ್ಬಿ ಬೇಡವೆಂದಳು. ಅದು ರಾಘಣ್ಣನಿಗೆ ಪರವಾನಗಿಯ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು.

ಅವರೂ ಒಂದು ಹೇಳಿಕೆ ಬರೆಯಬೇಕಿತ್ತು. ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಬರೆದರು. ಎದುರಿನ ಗೋಡೆಯ ಮೇಲೆ ನಿವೃತ್ತಿಯ ದಿನ ಕೊಟ್ಟ ಫಲಕ ತೂಗುತ್ತಿತ್ತು, "ಕಳಂಕರಹಿತ ಸೇವೆ" ಎಂಬ ಚಿನ್ನದ ಬಣ್ಣದ ಅಕ್ಷರಗಳೊಂದಿಗೆ. ನಿಜ ಬರೆದರೆ ಪಿಂಚಣಿಗೇನೂ ಧಕ್ಕೆಯಿಲ್ಲ. ಇಷ್ಟು ಹಳೆಯದನ್ನು ಕೆದಕಲು ನಿಯಮವಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹೋಗುವುದು ಹೆಸರು. ಮಠದಲ್ಲಿ, ಓಣಿಯಲ್ಲಿ, ಹಳೆಯ ಗೆಳೆಯರಲ್ಲಿ ಇಷ್ಟು ವರ್ಷ ಹಾಸಿ ಹೊದ್ದ ಹೆಸರು. ಬರೆಯದಿದ್ದರೆ ಆ ಹುಡುಗಿಯ ರೆಕ್ಕೆ ಹೋಗುತ್ತದೆ. ಹಳೆಯ ಕೈ, ತಾನೇ ತಾನಾಗಿ ಓಡಿತು: ಎಂಜಿನ್ ಸ್ಥಗಿತಗೊಂಡ ಕಾರಣ ಇಳಿಯುವುದು ಅನಿವಾರ್ಯವಾಯಿತು, ಸದರಿ ಸ್ಥಳದಲ್ಲಿ ಬೆಳೆ ಇರುವುದು ತದನಂತರ ಕಂಡುಬಂದಿತು.

ತುಳಸಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಹಾಳೆಯನ್ನು ಎತ್ತಿಕೊಂಡು ಓದಿದರು. ಎರಡು ದಿನದ ಮೇಲೆ ಮೊದಲ ಮಾತು.

"ಇದರಾಗ ನೀವೆಲ್ಲಿದ್ದೀರಿ?"

ರಾಘಣ್ಣ ಆಗ ಎಲ್ಲವನ್ನೂ ಹೇಳಿದರು. ಏಕಾದಶಿ, ಫ್ಯಾನು, ಚಹಾದಂಗಡಿಯ ಸಾಕ್ಷಿ, ಚಿದಾನಂದಪ್ಪನ ಬದು. ಹೇಳುತ್ತಾ ಹೇಳುತ್ತಾ ಅತ್ತರು. ತುಳಸಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರು.

"ಉಪಾಸ ಇದ್ದು ಸುಳ್ಳು ಬರದ್ರಿ," ಎಂದರು. "ಅದಕ್ಕಿಂತ ಹೊಟ್ಟಿ ತುಂಬ ಉಂಡು ಖರೇ ಬರದಿದ್ರ ರಾಯರೂ ಒಪ್ಪತಿದ್ರು."

ಆ ರಾತ್ರಿ ಅನ್ನಕ್ಕೆ ತುಪ್ಪ ಬಿತ್ತು. ಮೂವತ್ತೈದು ವರ್ಷದ ಸಂಸಾರದಲ್ಲಿ ಅದರ ಅರ್ಥ ರಾಘಣ್ಣನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಸೋಮವಾರ ಕ್ಲಬ್ಬಿನ ಚಿಕ್ಕ ಕೋಣೆಯಲ್ಲಿ ವಿಚಾರಣೆ ನಡೆಯಿತು. ರಶ್ಮಿ ಗೋಡೆಗೆ ತಾಗಿದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅಧಿಕಾರಿ ಸೌಮ್ಯ ಮನುಷ್ಯ. ರಾಘಣ್ಣ ಕೈಯಾರೆ ಬರೆದು ತಂದದ್ದನ್ನು ನಿಂತುಕೊಂಡೇ ಓದಿದರು: ಮೇಡಂ ಬಲಕ್ಕೆ ಹೊರಳಿಸಿದ್ದರು, ಕೇಳಿದರು, ನಾನು ಹುಲ್ಲೆಂದೆ, ನನ್ನ ಮಾತಿನ ಮೇಲೆ ಎಡಕ್ಕೆ ತಿರುಗಿಸಿದರು. ಸಾವಿರ ಅಡಿಯ ಮೇಲಿಂದ ಅಷ್ಟು ಖಚಿತವಾಗಿ ಹೇಗೆ ಹೇಳಿದಿರಿ ಎಂದು ಅಧಿಕಾರಿ ಕೇಳಿದರು.

"ಆ ಜಾಗಾ ನಾನು ಒಮ್ಮೆನೂ ನೋಡಿದ್ದಿಲ್ರಿ," ಎಂದರು ರಾಘಣ್ಣ. "ನೋಡಿದ್ರ ಅಷ್ಟು ಖಾತ್ರಿ ಇರ್ತಿದ್ದಿಲ್ಲ."

ಅಧಿಕಾರಿಯ ಪೆನ್ನು ನಿಂತಿತು. ಆಮೇಲೆ ರಾಘಣ್ಣ ಇಪ್ಪತ್ತಾರು ವರ್ಷದ ಹಿಂದಿನ ವರದಿಯ ಸಂಗತಿಯನ್ನೂ ಹೇಳಿದರು, ಅದನ್ನೂ ಬರೆದುಕೊಳ್ಳಿ ಎಂದರು. ವಿಮಾನಕ್ಕೆ ಅದು ಸಂಬಂಧವಿಲ್ಲ ಎಂದು ಅಧಿಕಾರಿ ಅನ್ನಬಹುದಿತ್ತು; ಅನ್ನಲಿಲ್ಲ, ಬರೆದುಕೊಂಡರು. ರಶ್ಮಿ ತಲೆ ಎತ್ತಿ ರಾಘಣ್ಣನನ್ನೇ ನೋಡುತ್ತಿದ್ದಳು.

ಪರವಾನಗಿ ಉಳಿಯಿತು. ಕಲಿಯುವವರ ಮಾತನ್ನು ಕಣ್ಣಿನಿಂದ ಖಚಿತಪಡಿಸಿಕೊಳ್ಳದೆ ನಂಬಬಾರದು ಎಂದು ಅಧಿಕಾರಿ ಎಚ್ಚರಿಕೆ ಕೊಟ್ಟು, ರಶ್ಮಿಯ ಕೈ ವಾಸಿಯಾದ ಮೇಲೆ ಒಂದು ಪರೀಕ್ಷಾ ಹಾರಾಟ ಮಾಡಿ ತೋರಿಸಬೇಕೆಂದರು. ಹೊರಗೆ ಬಂದಾಗ ರಶ್ಮಿ ರಾಘಣ್ಣನ ಪಕ್ಕ ಬಂದು ನಿಂತಳು. ಹದಿನೇಳನೇ ಪಾಠಕ್ಕೆ ಬರುವಾಗ ನಕ್ಷೆಗಳನ್ನು ಮನೆಯಲ್ಲೇ ಬಿಟ್ಟು ಬರಬೇಕೆಂದಳು. ಡಬ್ಬಿ ಎಲ್ಲಿ ಎಂದೂ ಕೇಳಿದಳು.

ಇನ್ನೂ ಒಂದು ಕಡೆ ಹೇಳುವುದಿತ್ತು, ಎಲ್ಲಕ್ಕಿಂತ ಕಷ್ಟದ್ದು. ಮರುದಿನ ಗಂಡಹೆಂಡತಿ ಸಿರುಗುಪ್ಪದ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ದೇಶನೂರಿಗೆ ಹೋದರು. ಕೊಟ್ರಬಸಮ್ಮನ ಗದ್ದೆಯಲ್ಲಿ ಕೊಯ್ಲಿನ ಯಂತ್ರ ಬಂದು ಹೋಗಿತ್ತು. ವಿಮಾನ ಮಲಗಿಸಿದ ಪಟ್ಟಿಯೊಂದು ಮಾತ್ರ ಹಾಗೇ ಇತ್ತು. ನೆಲಕ್ಕಂಟಿದ ಪೈರನ್ನು ಯಂತ್ರ ಎತ್ತಿಕೊಳ್ಳುವುದಿಲ್ಲ, ಕೈಯಲ್ಲೇ ಕೊಯ್ಯಬೇಕು. ಆಕೆ ಬಗ್ಗಿ ಕೊಯ್ಯುತ್ತಿದ್ದಳು.

ರಾಘಣ್ಣ ಬದುವಿನ ಮೇಲೆ ನಿಂತು, ಆವತ್ತು ಬಂದು ನೋಡಿದೆನೆಂದು ಬರೆದವನು ನಾನೇ, ಬಂದಿರಲಿಲ್ಲ ಎಂದು ಹೇಳಿದರು. ಇಷ್ಟೇ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಬೇರೆ ಮಾತುಗಳೆಲ್ಲ ಮರೆತುಹೋಗಿದ್ದವು.

ಕೊಟ್ರಬಸಮ್ಮ ಬೈಯಲಿಲ್ಲ. ಕುಡಗೋಲನ್ನು ಕೆಳಗಿಟ್ಟು ಬದುವಿನ ಅಂಚಿನಲ್ಲಿ ಕೂತಳು. ಬಹಳ ಹೊತ್ತು ಆ ಸ್ವಚ್ಛವಾದ ಬದುವನ್ನೇ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಹಂಗಾರ ನಮ್ಮ ಯಜಮಾನಂದು ತಪ್ಪಿರಲಿಲ್ಲ," ಎಂದಳು. "ಸಾಯೋ ಮುಂದ ಸುದ್ದಾ ಅದನ್ನ ಅಂತಿದ್ದ. ಬದು ಸರಿ ಇಟ್ಟಿದ್ರ ಬರ್ತಿದ್ರು, ಬರ್ತಿದ್ರು ಅಂತ."

ತುಳಸಮ್ಮ ಹೋಗಿ ಆಕೆಯ ಪಕ್ಕ ಕೂತು ಕೈ ಹಿಡಿದುಕೊಂಡರು. ರಾಘಣ್ಣನಿಗೆ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಜಮೀನು ಕೊಡಿಸುವ ಅಧಿಕಾರ ತನಗೆ ಯಾವತ್ತೂ ಇರಲಿಲ್ಲ, ಈಗಂತೂ ಇಲ್ಲ. ಆದರೆ ಹೊಸದಾಗಿ ಅರ್ಜಿ ಕೊಡುವಾಗ ಜೊತೆಗಿಡಲು ತನ್ನ ಹೇಳಿಕೆ ಬರೆದುಕೊಡುತ್ತೇನೆ, ಯಾರ ಮುಂದೆ ಬೇಕಾದರೂ ಬಂದು ನಿಲ್ಲುತ್ತೇನೆ ಎಂದರು. ಕೊಟ್ರಬಸಮ್ಮ ಕಣ್ಣೊರೆಸಿಕೊಂಡು ಎದ್ದಳು.

"ಮೊದಲ ನೋಡ್ರಿ," ಎಂದಳು. "ಆಮ್ಯಾಲೆ ಬರೀರಿ."

ರಾಘಣ್ಣ ಚಪ್ಪಲಿ ಬಿಟ್ಟರು. ಮೂಡಣ ಬದುವಿನಿಂದ ಶುರುಮಾಡಿ ಕಾಲುವೆಯ ತನಕ, ಅಲ್ಲಿಂದ ಪಡುವಣಕ್ಕೆ, ಅಲ್ಲಿಂದ ಬೇವಿನ ಗಿಡದ ಮೂಲೆಗೆ, ನಾಲ್ಕೂ ಕಡೆ ನಡೆದರು. ಮೂರು ಹೆಜ್ಜೆ ಹಿಂದೆ ಕೊಟ್ರಬಸಮ್ಮ, ಅವಳ ಹಿಂದೆ ಸೀರೆ ಎತ್ತಿ ಹಿಡಿದ ತುಳಸಮ್ಮ. ಎಲ್ಲಿಯೂ ಒಂದು ಮುಳ್ಳು ಚುಚ್ಚಲಿಲ್ಲ. ಚುಚ್ಚಿದ್ದರೆ ಅವರಿಗೆ ಸ್ವಲ್ಪ ಹಗುರಾಗುತ್ತಿತ್ತು. ಆಮೇಲೆ ಕುಡಗೋಲು ಕೇಳಿ ತೆಗೆದುಕೊಂಡು ಬಿದ್ದ ಪೈರಿನಲ್ಲಿ ಒಂದು ಸಾಲು ಕೊಯ್ದರು, ಬೆರಳು ಕೊಯ್ದುಕೊಂಡರು, ಕೊಟ್ರಬಸಮ್ಮ ಕುಡಗೋಲು ಕಿತ್ತುಕೊಂಡಳು.

ಬೇವಿನ ನೆರಳಿನಲ್ಲಿ ಕೂತು ಬರೆದರು. ಶುರುವಿನ ಸಾಲು ಹಳೆಯದೇ, ಕೈಗೆ ರೂಢಿಯಾದದ್ದೇ. ಬರೆದು ಮುಗಿಸಿದಾಗ ಓದಿ ಹೇಳಿ ಎಂದಳು ಕೊಟ್ರಬಸಮ್ಮ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

"ಖುದ್ದು ಸ್ಥಳಕ್ಕೆ ಹೋಗಿ ನೋಡಲಾಗಿ," ಎಂದು ರಾಘಣ್ಣ ಓದಿದರು, "ಸದರಿ ಜಮೀನಿನಲ್ಲಿ ಭತ್ತದ ಬೆಳೆ ಇದೆ. ಬಹಳ ವರ್ಷಗಳಿಂದ ಇದೆ. ಬದುಗಳು ಸ್ವಚ್ಛವಾಗಿವೆ."

ಕೊಟ್ರಬಸಮ್ಮ ಗದ್ದೆಯ ಕಡೆ ಮುಖ ತಿರುಗಿಸಿ ನಿಂತಿದ್ದಳು.

"ಇನ್ನೊಂದು ಸಲ ಓದ್ರಿ," ಎಂದಳು. "ಸ್ವಲ್ಪ ಜೋರಾಗಿ."

ರಾಘಣ್ಣ ಎದ್ದು ನಿಂತು ಮತ್ತೆ ಓದಿದರು.